ಗುನ್ನಾರ್ ಯಾರಿಂಗ್: ಕಾಶ್ಮೀರಕ್ಕೆ ಬಂದು ಹೋದ, ಎರಡು ಸಲ ಸೋತ ರಾಯಭಾರಿ

ಹಳೇಟ್ರಂಕು:

ಎಲ್ಲರಿಗೂ ನಮಸ್ಕಾರ. ಹೋದ ವಾರ ಊರಿಗೆ ಹೋದಾಗ ಅಜ್ಜನ ಟ್ರಂಕು ಖಾಲಿ ಮಾಡಿದೆ. ಅಜ್ಜ ಹೈಸ್ಕೂಲ್ ಮೇಷ್ಟ್ರು. ರೇಡಿಯೋ ವಾರ್ತೆ ಕೇಳಿ ದಿನಕ್ಕೊಂದು ಸಾಲು ಬರೆದಿಡುವ ಚಟ ಇತ್ತು ಅವರಿಗೆ. 1957ರ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಹೀಗಿದೆ: ‘ಜಾರಿಂಗ್ ಬಂದರು. ಜಾರಿಂಗ್ ಹೋದರು. ಕಾಶ್ಮೀರ ಇದ್ದಲ್ಲೇ ಇದೆ.’

ಯಾರಪ್ಪ ಈ ಜಾರಿಂಗ್ ಅಂತ ಹುಡುಕಲು ಕೂತವನು ನಾಲ್ಕು ರಾತ್ರಿ ನಿದ್ದೆ ಕೆಟ್ಟೆ.

ಹೆಸರು ಗುನ್ನಾರ್ ಯಾರಿಂಗ್. ಸ್ವೀಡನ್ನಿನವರು ಆ ಅಕ್ಷರವನ್ನು ‘ಯ’ ಅಂತ ಓದುತ್ತಾರೆ. 1907ರಲ್ಲಿ ದಕ್ಷಿಣ ಸ್ವೀಡನ್ನಿನ ಸ್ಕೋನೆ ಪ್ರಾಂತ್ಯದ ಬ್ರುನ್‌ಬಿ ಎಂಬಲ್ಲಿ ರೈತರ ಮನೆಯಲ್ಲಿ ಹುಟ್ಟಿದರು. 1940ರಲ್ಲಿ ವಿದೇಶಾಂಗ ಸೇವೆ ಸೇರಿ ಅಂಕಾರಾಕ್ಕೆ ಹೋದರು. ಆಮೇಲೆ ಟೆಹ್ರಾನ್, ಬಾಗ್ದಾದ್, ಅಡಿಸ್ ಅಬಾಬಾ. 1948ರಿಂದ 1951ರ ತನಕ ನಮ್ಮ ದೆಹಲಿಯಲ್ಲೇ ಸ್ವೀಡನ್ನಿನ ಪ್ರತಿನಿಧಿ. 1956ರಲ್ಲಿ ವಿಶ್ವಸಂಸ್ಥೆಗೆ. 1958ರಿಂದ 1964ರವರೆಗೆ ವಾಷಿಂಗ್ಟನ್, ಅಲ್ಲಿಂದ ಎದ್ದು 1973ರವರೆಗೆ ಮಾಸ್ಕೋ. ಕಚ್ಚಾಡುತ್ತಿದ್ದ ಎರಡೂ ಮನೆಯಲ್ಲಿ ಊಟ ಮಾಡಿ ಎರಡೂ ಕಡೆ ಮರ್ಯಾದೆ ಉಳಿಸಿಕೊಂಡವರು.

ಜಗತ್ತು ಅವರಿಗೆ ಕೊಟ್ಟ ದೊಡ್ಡ ಕೆಲಸಗಳು ಎರಡು. 1957ರಲ್ಲಿ ಕಾಶ್ಮೀರ. 1967ರಿಂದ ಇಸ್ರೇಲ್ ಮತ್ತು ಅರಬ್ ದೇಶಗಳು. ಎರಡರಲ್ಲೂ ಬರಿಗೈ. ಇಂಥವರನ್ನು ದೊಡ್ಡ ರಾಯಭಾರಿ ಅಂತ ಯಾಕೆ ಕರೆಯುತ್ತಾರೆ? ನನ್ನ ಪ್ರಶ್ನೆ ಅಷ್ಟೇ.

ಬೆಣ್ಣೆದೋಸೆ:

ಕನ್ನಡದಲ್ಲಿ ಜಾರಿಂಗ್ ಅನ್ನೋದೇ ಚೆನ್ನಾಗಿದೆ ಬಿಡಿ. ಪೇಪರಿನವರ ಕೈಗೆ ಸಿಗದೆ ಜಾರಿಕೊಳ್ಳೋದೇ ಅವರ ಕಸುಬು ಅಂತ ಓದಿದ ನೆನಪು. ಬಾಯಿ ಬಿಡದವರು ಅಂತಲೇ ಹೆಸರುವಾಸಿ.

ಅಂದಹಾಗೆ, ಎರಡನೇ ಮಹಾಯುದ್ಧದಲ್ಲಿ ಯಹೂದಿಗಳನ್ನು ಕಾಪಾಡಿ ಆಮೇಲೆ ಕಾಣೆಯಾದವರು ಇವರೇನಾ?

ನಕ್ಷೆಹುಚ್ಚ:

ಅಲ್ಲ. ಅವರು ರಾವುಲ್ ವಾಲೆನ್‌ಬೆರ್ಗ್. ಬುಡಾಪೆಸ್ಟ್‌ನಲ್ಲಿದ್ದವರು. 1945ರ ಜನವರಿಯಲ್ಲಿ ಸೋವಿಯತ್ ಸೇನೆ ಹಿಡಿದುಕೊಂಡು ಹೋಯಿತು. ಅದು ಬೇರೆಯೇ ಕಥೆ. ಅದಕ್ಕೆ ಇನ್ನೊಂದು ಎಳೆ ತೆರೆಯಿರಿ, ಖಂಡಿತ ಬರುತ್ತೇನೆ.

ಟ್ರಂಕಿನವರಿಗೆ: ಕಾಶ್ಮೀರದ ವಿಷಯದಲ್ಲಿ ಆ ಮನುಷ್ಯನ ಕೈಯಲ್ಲಿ ಏನಿತ್ತು ಅಂತ ಮೊದಲು ನೋಡಿ. ಆಮೇಲೆ ಸೋತರು ಅನ್ನಿ.

1957ರ ಜನವರಿಯಲ್ಲಿ ಭದ್ರತಾ ಮಂಡಳಿಯಲ್ಲಿ ಕೃಷ್ಣ ಮೆನನ್ ಸುಮಾರು 8 ಗಂಟೆ ಭಾಷಣ ಮಾಡಿದ್ದು ಎಲ್ಲರಿಗೂ ಗೊತ್ತು. ಜನವರಿ 26ಕ್ಕೆ ಜಮ್ಮು ಮತ್ತು ಕಾಶ್ಮೀರದ ಸಂವಿಧಾನ ಜಾರಿಗೆ ಬಂತು. ಫೆಬ್ರವರಿಯಲ್ಲಿ ಮಂಡಳಿಯ ಅಧ್ಯಕ್ಷತೆ ಸರದಿ ಪ್ರಕಾರ ಸ್ವೀಡನ್ನಿಗೆ, ಅಂದರೆ ಯಾರಿಂಗ್ ಅವರಿಗೆ ಬಂದಿತ್ತು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಕ್ಯೂಬಾ ಸೇರಿ ಒಂದು ಕರಡು ತಂದವು. ಅದರಲ್ಲಿ ಕಾಶ್ಮೀರಕ್ಕೆ ವಿಶ್ವಸಂಸ್ಥೆಯ ತಾತ್ಕಾಲಿಕ ಪಡೆ ಕಳಿಸುವ ಮಾತಿತ್ತು. ಫೆಬ್ರವರಿ 20ರಂದು ಸೋವಿಯತ್ ಒಕ್ಕೂಟ ವೀಟೋ ಹಾಕಿತು. ಮರುದಿನವೇ ಹಲ್ಲು ಕಿತ್ತ ಹಾವಿನಂಥ ಇನ್ನೊಂದು ಠರಾವು ಪಾಸಾಯಿತು. ಅಧ್ಯಕ್ಷರು ಎರಡೂ ದೇಶಕ್ಕೆ ಹೋಗಿ, ಮಾತಾಡಿ, ಏನಾದರೂ ಸಾಧ್ಯವೇ ನೋಡಿ ಬರಲಿ. ಅಷ್ಟೇ ಅಧಿಕಾರ.

ಮಾರ್ಚ್ 14ರಿಂದ ಏಪ್ರಿಲ್ 11ರವರೆಗೆ ಉಪಖಂಡದಲ್ಲಿದ್ದರು. ಕರಾಚಿ, ದೆಹಲಿ, ಮತ್ತೆ ಕರಾಚಿ, ಮತ್ತೆ ದೆಹಲಿ. ಇತ್ತ ನೆಹರು, ಅತ್ತ ಪಾಕಿಸ್ತಾನದ ಪ್ರಧಾನಿ ಸುಹ್ರಾವರ್ದಿ. ಮದುವೆ ದಲ್ಲಾಳಿಗೆ ಕೂಡ ಇದಕ್ಕಿಂತ ಜಾಸ್ತಿ ಅಧಿಕಾರ ಇರುತ್ತೆ.

ಅಡ್ಡಪ್ರಶ್ನೆ:

ಅಧಿಕಾರ ಇರಲಿಲ್ಲ ಸರಿ. ಬುದ್ಧಿ ಇತ್ತಲ್ವಾ? ಹೋಗಿ ಕೊಟ್ಟ ಸಲಹೆ ಏನು? ಮಧ್ಯಸ್ಥಿಕೆ ತೀರ್ಪು. ಭಾರತ ಒಪ್ಪೋದಿಲ್ಲ ಅಂತ ದೆಹಲಿಯಲ್ಲಿ ಮೂರು ವರ್ಷ ಇದ್ದವರಿಗೆ ಗೊತ್ತಾಗಬಾರದಾ?

ನಕ್ಷೆಹುಚ್ಚ:

ಸಲಹೆಯನ್ನು ಪೂರ್ತಿ ಹೇಳಿ ಮಾರಾಯರೇ. ಇಡೀ ಕಾಶ್ಮೀರವನ್ನು ಮಧ್ಯಸ್ಥರ ಮುಂದಿಡಿ ಅಂತ ಅವರು ಕೇಳಲೇ ಇಲ್ಲ.

ಕಾಶ್ಮೀರದ ಬಗ್ಗೆ ವಿಶ್ವಸಂಸ್ಥೆಯ ಆಯೋಗ ಮಾಡಿದ 1948ರ ಆಗಸ್ಟ್ 13ರ ಠರಾವಿಗೆ ಮೂರು ಭಾಗ. ಮೊದಲನೆಯದು ಕದನ ವಿರಾಮ. ಎರಡನೆಯದು ಸೇನೆ ಹಿಂತೆಗೆತ. ಮೂರನೆಯದು ಜನಾಭಿಪ್ರಾಯ. ಪಾಕಿಸ್ತಾನ ಮೊದಲ ಭಾಗವನ್ನೇ ಪಾಲಿಸಿಲ್ಲ, ಹಾಗಿರುವಾಗ ಮುಂದಿನ ಮಾತೇ ಇಲ್ಲ ಅನ್ನೋದು ಭಾರತದ ವಾದ. ನಾವು ಪಾಲಿಸಿದ್ದೇವೆ ಅಂತ ಪಾಕಿಸ್ತಾನ. ಯಾರಿಂಗ್ ಕೇಳಿದ್ದು ಇಷ್ಟು: ಮೊದಲ ಭಾಗ ಜಾರಿಯಾಗಿದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಯನ್ನು ಮೂರನೆಯವರ ಮುಂದೆ ಇಡೋಣವೇ? ಪಾಕಿಸ್ತಾನ ಹಿಂದೆಮುಂದೆ ನೋಡಿ ತಾತ್ವಿಕವಾಗಿ ಒಪ್ಪಿತು. ಇದು ಸಾರ್ವಭೌಮತ್ವಕ್ಕೆ ಸಂಬಂಧಿಸಿದ್ದು, ಮಧ್ಯಸ್ಥಿಕೆಗೆ ತಕ್ಕ ವಿಷಯವಲ್ಲ ಅಂತ ಭಾರತ ಹೇಳಿತು.

ದೊಡ್ಡ ಗಂಟನ್ನು ಬಿಚ್ಚಲಾಗದಿದ್ದಾಗ ಒಂದು ಎಳೆಯನ್ನು ಮಾತ್ರ ಹಿಡಿದು ನೋಡಿದರು. ಸಣ್ಣ ಸಲಹೆ. ಆದರೆ ಪೆದ್ದು ಸಲಹೆ ಅಲ್ಲ.

ಹಳೇಟ್ರಂಕು:

ಏಪ್ರಿಲ್ ಕೊನೆಗೆ ಕೊಟ್ಟ ವರದಿ ಓದಿದೆ. ಕೆಲವೇ ಪುಟ. ನಮ್ಮ ಪಂಚಾಯಿತಿಯ ಚರಂಡಿ ವರದಿ ಇದಕ್ಕಿಂತ ದಪ್ಪ ಇರುತ್ತೆ. ನೀರಸವಾಗಿ ಶುರುವಾಗುತ್ತೆ. ಆದರೆ ಕೊನೆಗೆ ಬರುವ ಎರಡು ಮಾತು ಕಣ್ಣಿಗೆ ಬಿತ್ತು. ಒಂದು, ಕಾಶ್ಮೀರದ ಸುತ್ತಲಿನ ರಾಜಕೀಯ, ಆರ್ಥಿಕ, ಸೇನಾ ಪರಿಸ್ಥಿತಿ ಬದಲಾಗುತ್ತಿದೆ, ಪಶ್ಚಿಮ ಮತ್ತು ದಕ್ಷಿಣ ಏಷ್ಯಾದ ಬಲಾಬಲವೂ ಬದಲಾಗುತ್ತಿದೆ ಅನ್ನೋ ಕಳವಳವನ್ನು ತಾನು ಗಮನಿಸದೆ ಇರಲಾಗಲಿಲ್ಲ ಅಂತ. ಇನ್ನೊಂದು, ಇಂಥ ಒಪ್ಪಂದಗಳು ಬೇಗ ಜಾರಿಯಾಗದಿದ್ದರೆ ದಿನ ಕಳೆದಂತೆ ಜಾರಿ ಮಾಡೋದು ಇನ್ನೂ ಕಷ್ಟವಾಗಬಹುದು ಅಂತ.

ಇದು ರಾಯಭಾರಿಗಳ ಭಾಷೆ. ನಮ್ಮ ಭಾಷೆಯಲ್ಲಿ ಏನು?

ಅಡ್ಡಪ್ರಶ್ನೆ:

‘ಹಾಲು ಕೆಟ್ಟಿದೆ, ಇನ್ನು ಕಾಯಿಸಿ ಪ್ರಯೋಜನ ಇಲ್ಲ.’

ನಕ್ಷೆಹುಚ್ಚ:

ಹೌದು! ನನ್ನ ಪ್ರಕಾರ ವರದಿಯ ಜೀವ ಇರೋದು ಅಲ್ಲೇ. 1948ರ ಠರಾವು ಬರೆದಾಗ ಪಾಕಿಸ್ತಾನಕ್ಕೆ ಅಮೆರಿಕದ ಶಸ್ತ್ರಾಸ್ತ್ರ ಇರಲಿಲ್ಲ. 1954ರ ನಂತರ ಬಂತು. 1955ರಲ್ಲಿ ಪಾಕಿಸ್ತಾನವೂ ಸೇರಿದ ಬಾಗ್ದಾದ್ ಸೇನಾ ಒಪ್ಪಂದವೂ ಆಯಿತು. ಭಾರತ ಇದನ್ನೇ ಎತ್ತಿ ಎತ್ತಿ ಹೇಳುತ್ತಿತ್ತು. ಹೊರಗಿನವರೊಬ್ಬರು ಅದನ್ನು ವಿಶ್ವಸಂಸ್ಥೆಯ ಕಾಗದದಲ್ಲಿ ಬರೆದರು. ಯಾರ ಪರವೂ ಇಲ್ಲದ ಧಾಟಿಯಲ್ಲಿ ಬರೆದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಮಂಡಳಿ ಕಾಶ್ಮೀರಕ್ಕೆ ಮೊದಲೂ ತನ್ನ ಪ್ರತಿನಿಧಿಯಾಗಿದ್ದ ಫ್ರಾಂಕ್ ಗ್ರಹಾಮ್ ಅವರನ್ನು ಮತ್ತೆ ಕಳಿಸಲು ಹೊರಟಿತು. ಅದರಿಂದಲೂ ಏನೂ ಆಗಲಿಲ್ಲ. ಅಂದರೆ ಸೋತವರು ಯಾರಿಂಗ್ ಒಬ್ಬರೇ ಅಲ್ಲ.

ಲುಂಡ್‌ಕನ್ನಡತಿ:

ತಡವಾಗಿ ಬಂದೆ, ಕ್ಷಮಿಸಿ. ನಾನಿರೋದು ಸ್ಕೋನೆಯಲ್ಲೇ, ಲುಂಡ್ ಊರಿನಲ್ಲಿ. ನೀವೆಲ್ಲ ಯಾರಿಂಗ್ ಅವರ ಅರ್ಧ ಜೀವನ ಬಿಟ್ಟುಬಿಟ್ಟಿದ್ದೀರಿ. ನನಗೆ ಕೇಳಿದರೆ ದೊಡ್ಡ ಅರ್ಧ ಅದೇ.

ಅವರು ಮೊದಲು ಭಾಷಾ ವಿದ್ವಾಂಸರು. ರಾಯಭಾರಿ ಆಮೇಲೆ. ಲುಂಡ್ ವಿಶ್ವವಿದ್ಯಾಲಯದಲ್ಲಿ ತುರ್ಕಿ ಭಾಷೆಗಳನ್ನು ಓದಿದರು. ಮೇಷ್ಟ್ರು ಗುಸ್ಟಾಫ್ ರಾಕೆಟ್ ಅಂತ. ಚೀನಾದ ಪಶ್ಚಿಮ ಅಂಚಿನ ಶಿಂಜಿಯಾಂಗ್ ಪ್ರಾಂತ್ಯದ ಕಾಶ್ಗರ್, ಯಾರ್ಕಂದ್ ಕಡೆ ಸ್ವೀಡಿಷ್ ಮಿಷನ್ನಿನಲ್ಲಿ ವೈದ್ಯರಾಗಿದ್ದವರು. ಅವರಿಂದ ಕಲಿತ ಭಾಷೆಗೆ ಆಗ ಪೂರ್ವ ತುರ್ಕಿ ಅನ್ನುತ್ತಿದ್ದರು. ಈಗ ಉಯ್ಘುರ್ ಅನ್ನುತ್ತೇವೆ. 1929ರಲ್ಲಿ, 22ನೇ ವಯಸ್ಸಿಗೆ, ಯಾರಿಂಗ್ ಸೋವಿಯತ್ ಮಧ್ಯ ಏಷ್ಯಾ ದಾಟಿ, ಪರ್ವತ ಹತ್ತಿಳಿದು ಕಾಶ್ಗರ್ ತಲುಪಿದರು. ಹಳೆಯ ಪುಸ್ತಕ, ಕಾಗದ ಸಿಕ್ಕಿದ್ದೆಲ್ಲ ಕೂಡಿಸಿದರು. ಜನರ ಮಾತನ್ನು ಕೇಳಿದ ಹಾಗೇ ಬರೆದುಕೊಂಡರು. 1933ರಲ್ಲಿ ಆ ಭಾಷೆಯ ಧ್ವನಿಗಳ ಮೇಲೆ ಡಾಕ್ಟರೇಟ್.

ಈಗ ಕಾಶ್ಮೀರದ ಕಥೆ ಕೇಳಿ. 1935ರಲ್ಲಿ ಮತ್ತೆ ಕಾಶ್ಗರಿಗೆ ಹೊರಟರು. ಶಿಂಜಿಯಾಂಗ್‌ನಲ್ಲಿ ದಂಗೆ, ಗಲಾಟೆ. ಒಳಗೆ ಹೋಗಲು ಆಗಲಿಲ್ಲ. ಏನು ಮಾಡಿದರು ಗೊತ್ತಾ? ಶ್ರೀನಗರದಲ್ಲಿ ಕೂತರು. ಯಾರ್ಕಂದ್, ಖೋತಾನ್ ಕಡೆಯ ವ್ಯಾಪಾರಿಗಳು ಕಾರಕೋರಂ ದಾಟಿ ಲೇಹ್ ಮೇಲೆ ಶ್ರೀನಗರಕ್ಕೆ ಬರುತ್ತಿದ್ದ ಕಾಲ. ಅವರನ್ನು ಕೂರಿಸಿಕೊಂಡು ಕಥೆ, ಗಾದೆ, ಪದ್ಯ ಹೇಳಿಸಿ ಬರೆದುಕೊಂಡರು.

1957ರಲ್ಲಿ ಕಾಶ್ಮೀರದ ಫೈಲು ಹಿಡಿದು ಬಂದವರಿಗೆ ಶ್ರೀನಗರ ಬರೀ ನಕ್ಷೆಯ ಮೇಲಿನ ಚುಕ್ಕೆ ಆಗಿರಲಿಲ್ಲ. ಅಲ್ಲಿ 22 ವರ್ಷ ಮೊದಲೇ ನೆಲದ ಮೇಲೆ ಕೂತು ಜನರ ಮಾತು ಕೇಳಿದ್ದರು.

ಬೆಣ್ಣೆದೋಸೆ:

ಅಯ್ಯೋ, ಇದು ಯಾರೂ ಹೇಳಲೇ ಇಲ್ಲವಲ್ಲ. ನಾನು ಸುಮ್ನೆ ಜೋಕ್ ಮಾಡಿಕೊಂಡು ಕೂತಿದ್ದೆ.

ಕರಾವಳಿಕಾಗೆ:

ಲುಂಡ್ ಅಕ್ಕ, ಇದನ್ನು ಓದುವಾಗ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ನೆನಪಾಯಿತು. ಮತ ಪ್ರಚಾರಕ್ಕೆ ಬಂದವರು ಅಚ್ಚುಕೂಟ ಹಾಕಿದರು, ಕನ್ನಡ ಪತ್ರಿಕೆ ತಂದರು. ಕಿಟ್ಟೆಲ್ ನಿಘಂಟು ಮಾಡಿದರು, 1894ರಲ್ಲಿ. ಕಾಶ್ಗರಿನ ಸ್ವೀಡನ್ನಿನವರದೂ ಅದೇ ಜಾತಿ ಕಥೆಯಾ?

ಲುಂಡ್‌ಕನ್ನಡತಿ:

ಹೆಚ್ಚುಕಡಿಮೆ ಅದೇ. 1890ರ ದಶಕದಲ್ಲಿ ಹೋದರು. ಆಸ್ಪತ್ರೆ, ಶಾಲೆ ನಡೆಸಿದರು. ಕಾಶ್ಗರಿನಲ್ಲಿ ಅಚ್ಚುಕೂಟ ಇಟ್ಟು ಆ ಭಾಷೆಯಲ್ಲೇ ಪಠ್ಯಪುಸ್ತಕ ಮುದ್ರಿಸಿದರು. ಮತಾಂತರ ಆದವರು ತೀರಾ ಕಡಿಮೆ. 1938ರಲ್ಲಿ ಮಿಷನ್ ಮುಚ್ಚಿತು. ಕಟ್ಟಡ, ಜನ ಎಲ್ಲ ಚದುರಿಹೋಯಿತು. ಉಳಿದದ್ದು ಕಾಗದ. ಆ ಕಾಗದದ ದೊಡ್ಡ ಪಾಲು ಉಳಿದಿರೋದು ಯಾರಿಂಗ್ ಮತ್ತು ಮಿಷನ್ನಿನ ಕೆಲವರು ಜೋಪಾನ ಮಾಡಿದ್ದಕ್ಕೆ.

ನಿಘಂಟಿನ ವಿಷಯ: ಯಾರಿಂಗ್ ಅವರದೂ ಇದೆ. ಪೂರ್ವ ತುರ್ಕಿ ಆಡುಮಾತಿನ ನಿಘಂಟು. ಹೊರಬಂದದ್ದು 1964ರಲ್ಲಿ. ಅಂದರೆ ವಾಷಿಂಗ್ಟನ್ ಬಿಟ್ಟು ಮಾಸ್ಕೋಗೆ ಹೋದ ವರ್ಷ. ಅದಕ್ಕೂ ಮೊದಲು ಜನರಿಂದ ಕೇಳಿದ ಪಠ್ಯಗಳನ್ನು ನಾಲ್ಕು ಸಂಪುಟಗಳಲ್ಲಿ ತಂದರು, 1946ರಿಂದ 1951ರೊಳಗೆ. ಅಡಿಸ್ ಅಬಾಬಾ ಮತ್ತು ದೆಹಲಿಯ ದಿನಗಳಲ್ಲಿ! ಹಗಲು ಎಂಬೆಸಿ, ರಾತ್ರಿ ಖೋತಾನಿನ ಗಾದೆ.

ಅಡ್ಡಪ್ರಶ್ನೆ:

ಒಪ್ಪಿದೆ, ವಿದ್ವಾಂಸರು. ಆದರೆ ಎಳೆಯ ಪ್ರಶ್ನೆ ಅದಲ್ಲ. ರಾಯಭಾರಿಯಾಗಿ ಏನು? ಅಡುಗೆಭಟ್ಟ ಸೊಗಸಾಗಿ ವೀಣೆ ನುಡಿಸುತ್ತಾನೆ ಅಂದರೆ ಸಾರು ರುಚಿಯಾಗಿಬಿಡುತ್ತಾ?

ನೆಲಗಡಲೆ:

ಸಾರಿನ ಲೆಕ್ಕ ನಾನು ಕೊಡುತ್ತೇನೆ. ಮಧ್ಯಪ್ರಾಚ್ಯದ ವಿಷಯ ಬಹಳ ವರ್ಷದಿಂದ ಓದುತ್ತಿದ್ದೇನೆ.

1967ರ ಜೂನ್ ಯುದ್ಧ ಆಯಿತು. ನವೆಂಬರ್ 22ಕ್ಕೆ ಭದ್ರತಾ ಮಂಡಳಿಯ 242ನೇ ಠರಾವು ಬಂತು: ಇಸ್ರೇಲ್ ಯುದ್ಧದಲ್ಲಿ ಹಿಡಿದ ನೆಲ ಬಿಡಲಿ, ಎಲ್ಲರೂ ಶಾಂತಿಯಿಂದ ಇರಲಿ ಅಂತ. ಅದನ್ನು ಕೈಯಲ್ಲಿ ಹಿಡಿದು ಓಡಾಡಲು ಒಬ್ಬರು ಬೇಕಿತ್ತು. ಮಹಾಕಾರ್ಯದರ್ಶಿ ಊ ಥಾಂಟ್ ಆರಿಸಿದ್ದು ಮಾಸ್ಕೋದಲ್ಲಿದ್ದ ಯಾರಿಂಗ್ ಅವರನ್ನು. ಸೈಪ್ರಸ್ಸಿನ ನಿಕೋಸಿಯಾದಲ್ಲಿ ಕಚೇರಿ ಹಾಕಿದರು. ಅಲ್ಲಿಂದ ಜೆರುಸಲೇಮ್, ಕೈರೋ, ಅಮ್ಮಾನ್, ಬೇರೂತ್. ಸಿರಿಯಾ ಆ ಠರಾವನ್ನೇ ಒಪ್ಪದ ಕಾರಣ ಇವರನ್ನು ಬರಮಾಡಿಕೊಳ್ಳಲಿಲ್ಲ. ಇಸ್ರೇಲ್ ಹೇಳಿದ್ದು, ನೇರವಾಗಿ ಎದುರುಬದುರು ಕೂತು ಮಾತಾಡಿ. ಅರಬ್ಬರು ಹೇಳಿದ್ದು, ಮೊದಲು ನೆಲ ಬಿಡಿ. ಒಬ್ಬರು ಕುಳಿತರೆ ಇನ್ನೊಬ್ಬರು ಏಳುವ ಆಟ. ಮಾತು ನಿಂತಾಗ ಮಾಸ್ಕೋಗೆ ಹೋಗಿ ತಮ್ಮ ಹಳೇ ಕುರ್ಚಿಯಲ್ಲಿ ಕೂರುತ್ತಿದ್ದರು.

ಮೂರು ವರ್ಷಕ್ಕೂ ಮೇಲೆ ಅವರು ಬರೀ ಅಂಚೆಯವರು ಅನ್ನೋ ಮಾತಿತ್ತು. 1971ರ ಫೆಬ್ರವರಿ 8ರಂದು ಆ ಅಂಚೆಯವರೇ ಒಂದು ಕಾಗದ ಬರೆದರು. ಒಂದೇ ಪ್ರಸ್ತಾಪ, ಎರಡೂ ಕಡೆಗೆ. ಈಜಿಪ್ಟಿಗೆ: ಇಸ್ರೇಲ್ ಜೊತೆ ಶಾಂತಿ ಒಪ್ಪಂದಕ್ಕೆ ಸಿದ್ಧ ಅಂತ ಮಾತು ಕೊಡಿ. ಇಸ್ರೇಲಿಗೆ: ಈಜಿಪ್ಟಿನ ಹಳೆಯ ಅಂತಾರಾಷ್ಟ್ರೀಯ ಗಡಿಗೆ, ಅಂದರೆ ಸಿನಾಯ್ ಬಿಟ್ಟು, ಹಿಂದೆ ಸರಿಯಲು ಒಪ್ಪಿ. ಎರಡೂ ಒಟ್ಟಿಗೆ ಹೇಳಿ.

ಒಂದೇ ವಾರದಲ್ಲಿ ಸಾದತ್ ಅವರ ಈಜಿಪ್ಟ್ ಉತ್ತರ ಕೊಟ್ಟಿತು. ಶಾಂತಿ ಒಪ್ಪಂದಕ್ಕೆ ಸಿದ್ಧ ಅಂತ. ಹಾಗೆ ಬಾಯಿಬಿಟ್ಟು ಹೇಳಿದ್ದೇ ಆಗ ದೊಡ್ಡ ಸುದ್ದಿ. ಇಸ್ರೇಲಿನ ಗೋಲ್ಡಾ ಮೇಯರ್ ಸರ್ಕಾರದ ಉತ್ತರ ಅದೇ ತಿಂಗಳ 26ಕ್ಕೆ ಬಂತು. ಮಾತುಕತೆಗೆ ಸಿದ್ಧ, ಆದರೆ 1967ರ ಜೂನ್ 5ಕ್ಕೆ ಮೊದಲಿದ್ದ ಗೆರೆಗೆ ಇಸ್ರೇಲ್ ಹಿಂದೆ ಸರಿಯುವುದಿಲ್ಲ ಅಂತ. ಅಂಚೆಯವರು ತಮ್ಮ ಮಿತಿ ದಾಟಿದರು ಅನ್ನೋ ಸಿಟ್ಟೂ ಇಸ್ರೇಲಿಗಿತ್ತು. ಅಲ್ಲಿಗೆ ಗಾಡಿ ನಿಂತಿತು.

1973ರ ಅಕ್ಟೋಬರ್‌ನಲ್ಲಿ ಮತ್ತೆ ಯುದ್ಧ. ಸಾವಿರಾರು ಜನ ಸತ್ತರು. 1979ರ ಮಾರ್ಚ್‌ನಲ್ಲಿ ಶಾಂತಿ ಒಪ್ಪಂದ. 1982ರ ಏಪ್ರಿಲ್‌ಗೆ ಸಿನಾಯ್‌ನಿಂದ ಇಸ್ರೇಲ್ ಹೆಚ್ಚುಕಡಿಮೆ ಪೂರ್ತಿ ಹೊರಗೆ. ಈಗ 1971ರ ಆ ಕಾಗದ ತೆಗೆದು ಪಕ್ಕದಲ್ಲಿಟ್ಟು ನೋಡಿ. ನೆಲ ಕೊಡು, ಶಾಂತಿ ತಗೋ. ಅದೇ ಗಡಿ.

ಹಳೇಟ್ರಂಕು:

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಅಡ್ಡಪ್ರಶ್ನೆ:

ನಿಲ್ಲಿ ನಿಲ್ಲಿ. ಕಥೆ ಚೆನ್ನಾಗಿದೆ, ಅದಕ್ಕೇ ಅನುಮಾನ. 1971ರಲ್ಲಿ ಈಜಿಪ್ಟ್ ಬರೀ ‘ಸರಿ’ ಅನ್ನಲಿಲ್ಲ. ಗಾಜಾ ಬಿಡಬೇಕು, ನಿರಾಶ್ರಿತರಿಗೆ ನ್ಯಾಯ ಆಗಬೇಕು ಅಂತಲೂ ಸೇರಿಸಿತು. ಆ ಕಾಲಕ್ಕೆ ಸಾದತ್ ಅಧಿಕಾರಕ್ಕೆ ಬಂದು ಆರು ತಿಂಗಳೂ ಆಗಿರಲಿಲ್ಲ. ಅವರ ಮಾತು ಎಷ್ಟು ದಿನ ನಿಲ್ಲುತ್ತೆ ಅಂತ ಇಸ್ರೇಲಿಗೆ ಯಾವ ಭರವಸೆ? 1977ರಲ್ಲಿ ಸಾದತ್ ಸ್ವತಃ ಜೆರುಸಲೇಮಿಗೆ ಹೋಗಿ ಅವರ ಸಂಸತ್ತಿನಲ್ಲಿ ನಿಂತು ಮಾತಾಡಿದರು. ಅದಾದ ಮೇಲೆ ತಾನೇ ಬಾಗಿಲು ತೆರೆದದ್ದು? ಅದನ್ನು ಯಾವ ಸ್ವೀಡಿಷ್ ಕಾಗದವೂ ಮಾಡಲು ಸಾಧ್ಯವಿರಲಿಲ್ಲ. ಕಾಗದ ಸರಿ ಇದ್ದರೆ ಸಾಲದು, ಅದನ್ನು ಕೊಂಡುಕೊಳ್ಳುವ ಹಾಗೆ ಮಾಡಬೇಕು. ಯಾರಿಂಗ್ ಆ ವ್ಯಾಪಾರಕ್ಕೆ ತಕ್ಕವರಲ್ಲ ಅಂತ ನನ್ನ ಅಭಿಪ್ರಾಯ. ಬೆನ್ನ ಹಿಂದೆ ದೊಡ್ಡ ದೇಶದ ತೂಕ ಇಲ್ಲ, ಮಾತಿನ ಮೋಡಿಯೂ ಇಲ್ಲ.

ನೆಲಗಡಲೆ:

ಈ ಮಾತಿಗೆ ಮೆಚ್ಚಿದೆ. ಪೂರ್ತಿ ಒಪ್ಪೋದಿಲ್ಲ, ಆದರೆ ಮೆಚ್ಚಿದೆ. ತೂಕ ಇಲ್ಲದ್ದು ಅವರ ತಪ್ಪಲ್ಲ. ತೂಕ ಇರುವ ದೇಶಗಳೇ ಅವರನ್ನು ಮುಂದೆ ತಳ್ಳಿ ಹಿಂದೆ ನಿಂತವು. ನಿಮ್ಮ ಅಡುಗೆಭಟ್ಟರ ಹೋಲಿಕೆಯನ್ನೇ ತಗೊಳ್ಳಿ. ಸೌದೆ ಕೊಡದೆ ಸಾರು ಎಲ್ಲಿ ಅಂದರೆ?

ಕರಾವಳಿಕಾಗೆ:

ಸ್ವಂತ ಅನುಭವ ಹೇಳ್ತೇನೆ, ಎಳೆ ಸ್ವಲ್ಪ ಜಾರಿದರೂ ಪರವಾಗಿಲ್ಲ. ನಮ್ಮ ಎರಡು ಮನೆಗಳ ನಡುವೆ ತೋಟದ ದಾರಿಯ ಜಗಳ. ಹದಿನೈದು ವರ್ಷ. ಒಬ್ಬರು ಹಿರಿಯರು ಮಧ್ಯೆ ಬಂದು ಒಂದು ಚೀಟಿ ಬರೆದರು. ಇಬ್ಬರೂ ಮುಖ ತಿರುಗಿಸಿದರು. ಕೋರ್ಟಿಗೆ ಅಲೆದು, ಅಡಿಕೆಯ ದುಡ್ಡೆಲ್ಲ ಸುರಿದು ಕೊನೆಗೆ ಸಹಿ ಹಾಕಿದ್ದು ಹೆಚ್ಚುಕಡಿಮೆ ಆ ಚೀಟಿಯಲ್ಲಿದ್ದದ್ದಕ್ಕೇ. ಆ ಹಿರಿಯರು ಅಷ್ಟರಲ್ಲಿ ತೀರಿಹೋಗಿದ್ದರು. ಚೀಟಿ ನಮ್ಮಪ್ಪನ ಪಹಣಿ ಫೈಲಿನಲ್ಲಿ ಈಗಲೂ ಇದೆ.

ಬೆಣ್ಣೆದೋಸೆ:

ಯಾರಿಂಗ್ ಅವರಿಗೆ ಆಮೇಲೆ ಏನಾಯಿತು? ಬೇಜಾರಾಗಿ ಮೂಲೆ ಸೇರಿದರಾ?

ಲುಂಡ್‌ಕನ್ನಡತಿ:

ಮೂಲೆಯಾ? 1973ರಲ್ಲಿ ಮಾಸ್ಕೋ ಬಿಟ್ಟು ಸ್ಕೋನೆಗೆ ಬಂದರು. ಹುಟ್ಟಿದ ಊರಿನ ಹತ್ತಿರದ ವೀಕೆನ್ ಅನ್ನೋ ಕಡಲ ತೀರದ ಊರು. ಬೇಸಿಗೆಯಲ್ಲಿ ಒಂದು ಸಲ ಹೋಗಿದ್ದೆ. ಗಾಳಿಯಂದ್ರೆ ಗಾಳಿ. ಅಲ್ಲಿ ಕೂತು ಹಳೇ ಪೆಟ್ಟಿಗೆಗಳನ್ನು ತೆರೆದರು. ಅಲ್ಲಿಂದ ಶುರು ನೋಡಿ. ಕಾಶ್ಗರಿನ ಸಾಹಿತ್ಯ ಪಠ್ಯಗಳು. ಮಿಷನ್ ವರದಿಗಳಲ್ಲಿ ಸಿಗುವ ಜನಜೀವನ. ಆ ಕಡೆಯ ಜನ ಸೇದುತ್ತಿದ್ದ, ಕುಡಿಯುತ್ತಿದ್ದ ಅಮಲು ಪದಾರ್ಥಗಳ ಮೇಲೂ ಒಂದು ಪುಸ್ತಕ! ಕಳ್ಳರೇ ಇಲ್ಲದ ಊರಿನ ಕಥೆ, ಊಟಕ್ಕೂ ಗಂಟಲಿಗೂ ನಡೆದ ಪಂದ್ಯದ ಕಥೆ, ಇಂಥವನ್ನೆಲ್ಲ ಸಂಪಾದಿಸಿ ಅನುವಾದ ಮಾಡಿದರು. ಮಧ್ಯ ಏಷ್ಯಾದ ಊರ ಹೆಸರುಗಳ ದೊಡ್ಡ ಕೋಶ ಬಂದದ್ದು 1997ರಲ್ಲಿ. ಆಗ ಅವರಿಗೆ 90ರ ಹತ್ತಿರ.

1978ರಲ್ಲಿ ಮತ್ತೆ ಕಾಶ್ಗರಿಗೆ ಹೋಗಿಬಂದರು. ಸುಮಾರು 50 ವರ್ಷ ಬಿಟ್ಟು. ನನಗೆ ತುಂಬಾ ಹಿಡಿಸಿದ ವಿಷಯ ಇದು. ಹುಡುಗನಾಗಿ ನೋಡಿದ ಊರನ್ನು ಅಜ್ಜನಾಗಿ ನೋಡುವುದು.

ಮಧ್ಯಪ್ರಾಚ್ಯದ ವಿಶೇಷ ಪ್ರತಿನಿಧಿ ಅನ್ನೋ ಹುದ್ದೆ ಮಾತ್ರ ಕಾಗದದ ಮೇಲೆ 1990ರ ಸುಮಾರಿನವರೆಗೂ ಅವರ ಹೆಸರಿನಲ್ಲೇ ಇತ್ತು. ಯಾರೂ ಕರೆಯಲಿಲ್ಲ.

2002ರ ಮೇ ತಿಂಗಳಲ್ಲಿ ತೀರಿಕೊಂಡರು. 94 ವರ್ಷ.

ನಕ್ಷೆಹುಚ್ಚ:

ಹಸ್ತಪ್ರತಿಗಳು ಈಗ ಎಲ್ಲಿವೆ?

ಲುಂಡ್‌ಕನ್ನಡತಿ:

ನಮ್ಮ ಊರಲ್ಲೇ. ಲುಂಡ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ 1982ರಲ್ಲಿ ಕೊಟ್ಟರು. ಸುಮಾರು 560 ಹಸ್ತಪ್ರತಿ. ಶಿಂಜಿಯಾಂಗ್ ಹೊರಗೆ ಇಷ್ಟು ದೊಡ್ಡ ರಾಶಿ ಸಿಗೋದು ಬಹಳ ಅಪರೂಪ. ವೈದ್ಯ, ಜ್ಯೋತಿಷ, ಸಂತರ ಕಥೆ, ಕಾವ್ಯ. ಕಮ್ಮಾರ, ನೇಕಾರ, ಕಟುಕ ಇವರ ಕಸುಬಿಗೆ ಸಂಬಂಧಿಸಿದ ಚಿಕ್ಕ ಕೈಪುಸ್ತಕಗಳೂ ಇವೆ. ಯಾವ ಕೆಲಸಕ್ಕೆ ಯಾವ ಪ್ರಾರ್ಥನೆ ಅಂತ ಬರೆದಿರೋದು. ಅವರ ಅಚ್ಚಾದ ಪುಸ್ತಕಗಳ ಸಂಗ್ರಹ ಇಸ್ತಾಂಬುಲಿನ ಸ್ವೀಡಿಷ್ ಸಂಶೋಧನಾ ಸಂಸ್ಥೆಗೆ ಹೋಗಿದೆ.

ಉಯ್ಘುರ್ ಭಾಷೆಗೆ ಈಗ ಬಂದಿರುವ ಕಷ್ಟದ ದಿನಗಳಲ್ಲಿ ಈ ರಾಶಿಯ ಬೆಲೆ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ.

ಅಡ್ಡಪ್ರಶ್ನೆ:

ಇದಕ್ಕೆ ನನ್ನ ಹತ್ತಿರ ಅಡ್ಡ ಪ್ರಶ್ನೆ ಇಲ್ಲ. ಅಡುಗೆಭಟ್ಟ ವೀಣೆ ಚೆನ್ನಾಗಿ ನುಡಿಸಿದ್ದಾರೆ. ಸಾರಿನ ಬಗ್ಗೆ ನನ್ನ ಮಾತು ಹಾಗೇ ಇರಲಿ.

ಹಳೇಟ್ರಂಕು:

ಶೀರ್ಷಿಕೆಯಿಂದ ‘ಸೋತ’ ಅನ್ನೋ ಪದ ತೆಗೆಯೋಣ ಅಂತ ಹೋದೆ. ತಿದ್ದುವ ಅವಧಿ ಮುಗಿದಿದೆ ಅಂತ ತೋರಿಸುತ್ತಿದೆ. ಯಾರಾದರೂ ನಿರ್ವಾಹಕರು ಇದ್ದರೆ ನೋಡಿ.

ಅಜ್ಜನ 1971ರ ಪುಸ್ತಕವೂ ಟ್ರಂಕಿನಲ್ಲಿದೆ. ಫೆಬ್ರವರಿ ತಿಂಗಳ ಹಾಳೆಗಳನ್ನು ಗೆದ್ದಲು ತಿಂದುಹಾಕಿದೆ.

ಬೆಣ್ಣೆದೋಸೆ:

ಲುಂಡ್ ಅಕ್ಕ, ಆ ಊಟಕ್ಕೂ ಗಂಟಲಿಗೂ ಪಂದ್ಯದಲ್ಲಿ ಗೆದ್ದವರು ಯಾರು? ಅದನ್ನು ಹೇಳದೆ ಹೋಗಬೇಡಿ.